ಅರವತ್ತಡಿ ಚರಂಡಿ

ದಿಂಬದ ಇಪ್ಪತ್ತೇಳು ತಿರುವು ಹತ್ತಿ
ವಾಂತಿ ಮಾಡಿಕೊಂಡು ಬಂದಿಳಿದರು ಇಪ್ಪತ್ತೆರಡು ಮಂದಿ,
ಸತ್ಯಮಂಗಲದ ಕಾಲೇಜಿನವರು,
ಎಲ್ಲರ ಎದೆಗೂ ಒಂದೇ ಬ್ಯಾಡ್ಜು,
ಕೈಯಲ್ಲಿ ಬೆಲೆಚೀಟಿ ಕೀಳದ ಸಲಿಕೆ.
ಸೀಗೆಪೋಡಿನ ನಾಯಿಗಳು ಮೊದಲು ಎಣಿಸಿದವು,
ಆಮೇಲೆ ಮಕ್ಕಳು.

ಹತ್ತು ತಿಂಗಳಿಂದ ಸೋಲಿಗರ ನಡುವೆ ಇದ್ದೆ ನಾನು.
ರಾತ್ರಿಶಾಲೆಯ ಹಿಂದಿನ ಕೋಣೆ, ಒಂದು ಸೋಲಾರ್ ದೀಪ,
ಪಕ್ಕದ ಮನೆಯ ರಾಗಿಹಿಟ್ಟು, ನನ್ನ ಬೇಳೆಸಾರು.
ಆನೆ ಬಂದರೆ ಯಾರ ಮನೆಯ ಡಬ್ಬ ಮೊದಲು ಸದ್ದಾಗುತ್ತದೆ,
ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾಕೆ,
ಎಲ್ಲ ಗೊತ್ತಿತ್ತು.
ಗೊತ್ತಿದೆ ಅಂತಲೇ ಮುಂದಾಳು ಮಾಡಿದ್ದರು.
ಅವರ ತಮಿಳು ಇವರಿಗೆ ಅರ್ಧ,
ಇವರ ಕನ್ನಡ ಅವರಿಗೆ ಕಾಲು;
ನಡುವೆ ನಾನು, ಎರಡೂ ಕಡೆಯಿಂದ ತುಳಿದು ಸವೆದ ಹೊಸ್ತಿಲು.

ನಲ್ಲಿಯ ಬುಡದಲ್ಲಿ ಕೆಸರು. ಅದಕ್ಕೊಂದು ಚರಂಡಿ:
ಕಾಗದದ ಮೇಲೆ ಅರವತ್ತಡಿ ಉದ್ದ, ಒಂದಡಿ ಆಳ,
ಇಕ್ಕೆಲಕ್ಕೂ ಕಲ್ಲು.
ಮೂರು ದಿನ ಅಗೆದರು. ಅಂಗೈಯ ಬೊಬ್ಬೆ
ಒಬ್ಬರಿಗೊಬ್ಬರು ತೋರಿಸಿಕೊಂಡರು, ಪದಕದ ಹಾಗೆ.
ನಾಲ್ಕನೆಯ ದಿನ ನಾನು ತಾಳವಾಡಿಗೆ ಹೋಗಿದ್ದೆ,
ಅಕ್ಕಿ, ಎಣ್ಣೆ, ಮುಗಿದುಹೋದ ಬ್ಯಾಂಡೇಜಿಗೆ.
ಬರುವಷ್ಟರಲ್ಲಿ ಚರಂಡಿ ಮುಗಿದಿತ್ತು.
ಎಂಥ ಕೆಲಸ! ಕಲ್ಲಿಗೆ ಕಲ್ಲು ಕಚ್ಚಿ ಕೂತು
ನೀರು ನೆಟ್ಟಗೆ ಹೋಗುತ್ತಿತ್ತು.
ಕಲ್ಲೆಲ್ಲಿಂದ, ಅಂದೆ.
ಮುಕಿಲನ್ ಬೆವರೊರೆಸುತ್ತ ನೇರಳೆಮರದ ಆಚೆ ತೋರಿಸಿದ:
ಸುಮ್ಮನೆ ಗುಡ್ಡೆ ಬಿದ್ದಿತ್ತು ಮಿಸ್, ಯಾರೂ ಬಳಸದ್ದು.

ಆ ಹಾದಿಯಲ್ಲೇ ದಿನವೂ ಸೌದೆಗೆ ಹೋಗುತ್ತಿದ್ದೆ.
ಒಮ್ಮೆ ಆ ಗುಡ್ಡೆಯ ಮೇಲೆ ಕೂತು
ಚಪ್ಪಲಿಯ ಮುಳ್ಳು ಕಿತ್ತಿದ್ದೆ ಕೂಡ.

ಸಂಜೆ ಕೇತಜ್ಜ ಬಂದ. ಕೂಗಲಿಲ್ಲ.
ಅಂಚಿಗೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಲ್ಲು ತಡವಿದ,
ಕತ್ತಲ ದೊಡ್ಡಿಯಲ್ಲಿ ಆಡು ಎಣಿಸುವವನ ಹಾಗೆ.
"ಇದು ನಮ್ಮವ್ವ.
ಇದು ಕರಡಿ ಹಿಡಿದ ಬೊಮ್ಮ.
ಇವಳು ಜಡೆಮಾದಿ, ಬಾಣಂತೀಲಿ ಹೋದವಳು,
ಪಕ್ಕದ ಚಿಕ್ಕದು ಅವಳದೇ.
ಇವನ್ಯಾಕೆ ತಲೆಕೆಳಗಾಗವ್ನೆ?"

ನಾನು ತಮಿಳಿಗೆ ತಿರುಗಿಸಬೇಕಿತ್ತು.
ಬಾಯಿ ಬರಲಿಲ್ಲ. ಬೇಕಾಗಲೂ ಇಲ್ಲ:
ಅವ್ವ ಅನ್ನುವಾಗ ಅವನ ಕೈ ಇದ್ದ ರೀತಿ ನೋಡಿಯೇ
ಕಯಲ್‌ವಿಳಿ ನೀರಿನಿಂದ ಕಾಲು ತೆಗೆದಳು.

ಒಂದು ಹೆಸರಿಲ್ಲ, ಹೂವಿಲ್ಲ,
ನಮಗೆ ಹೇಗೆ ತಿಳಿಯಬೇಕು, ಅಂದ ಮುಕಿಲನ್,
ನನ್ನನ್ನೇ ನೋಡುತ್ತ.
ನ್ಯಾಯ. ಅವನಿಗೆ ನಾಲ್ಕು ದಿನ, ನನಗೆ ಹತ್ತು ತಿಂಗಳು.
ಈ ಊರಲ್ಲಿ ಬದುಕಿದ್ದವರನ್ನಷ್ಟೇ
ಪರಿಚಯ ಮಾಡಿಕೊಂಡಿದ್ದೆ ನಾನು.

ಆನೆಯ ಹೊತ್ತು, ನಾಳೆ ಆಗಲಿ, ಅಂದ ಅಜ್ಜ.
"ಒಂದು ರಾತ್ರಿ ಕಾಲು ನೆನೆಸ್ಕಂಡಿರ್ಲಿ. ಯಾನಾಯ್ತದೆ."
ಆ ರಾತ್ರಿ ನಲ್ಲಿಗೆ ಯಾರೂ ಹೋಗಲಿಲ್ಲ,
ತಟ್ಟೆ ತೊಳೆಯಲೂ.

ಬೆಳಿಗ್ಗೆ ಹೊತ್ತರು.
ಮಂಕರಿಗೆ ಎಸೆದು ತಂದವರೇ
ಈಗ ಒಬ್ಬರಿಗೊಂದು, ತೋಳಿಗಾನಿಸಿ.
ಅಜ್ಜ ಮುಂದೆ: ಇಲ್ಲಿ. ಅಲ್ಲ, ಆಚೆ.
ಅವರಿಬ್ಬರಿಗೂ ಆಗಿಬರದು,
ನಡುವೆ ಬೊಮ್ಮನ್ನ ಇಡಿ.

ಕೊನೆಗೆ ಕಯಲ್‌ವಿಳಿಯ ತೋಳಲ್ಲಿ ಒಂದು ಉಳಿಯಿತು.
ಅಜ್ಜ ತಿರುಗಿಸಿ ನೋಡಿದ, ಮೂಸಿದ,
ಬಿಸಿಲಿಗೆ ಹಿಡಿದ.
ನಾವು ಇಪ್ಪತ್ತಮೂರು ಜನ ಉಸಿರು ಬಿಗಿಹಿಡಿದು.
"ಇದು ಕಲ್ಲು," ಅಂದ.
"ತಕಂಡೋಗಿ ಮೋರಿಗೆ ಹಾಕಿ."

ಹಳ್ಳದಿಂದ ಬೇರೆ ಕಲ್ಲು ಹೊತ್ತು ಕಟ್ಟುತ್ತ
ಹನ್ನೊಂದಡಿ ಆಗುವಾಗ ಬಸ್ಸು ಬಂತು.
ವರದಿಯಲ್ಲಿ 'ಅರವತ್ತು' ಹೊಡೆದು ಹನ್ನೊಂದು ಬರೆದೆ,
ಸಹಿ ಹಾಕಿದೆ. ಮಿಕ್ಕದ್ದು ಇನ್ನೂ ಮಣ್ಣು.

ಸೌದೆಗೆ ಈಗಲೂ ಅದೇ ಹಾದಿ.
ಚಪ್ಪಲಿಗೆ ಮುಳ್ಳು ಹತ್ತಿದರೆ ನಿಂತೇ ಕೀಳುತ್ತೇನೆ,
ಒಂಟಿಕಾಲಲ್ಲಿ,
ಯಾರ ಮೇಲೂ ಬೀಳದ ಹಾಗೆ.