ಗಂಜಿ

ನಲವತ್ತನೆಯ ದಿನ ಒಂದು ಸಿರಿಂಜು,
ಅರವತ್ತಕ್ಕೆ ಇನ್ನೊಂದು.
ಊರಗಡೂರಿನ ದಸ್ತಗೀರ್ ಸಾಬರ ಜಟಕಾ ಕುದುರೆ
ಕತ್ತು ನೀಡಿ ನಿಲ್ಲುತ್ತದೆ,
ಕಿವಿ ಮಾತ್ರ ಹಿಂದಕ್ಕೆ.
"ಹೊಟ್ಟೇಲಿರೋದು ಗುತ್ಯಪ್ಪನ ಕತ್ತೇದು"
ಅನ್ನುತ್ತಾರೆ ಅವರು ಬೀಡಿ ಮರೆಮಾಡಿ,
ಮಗಳು ಓಡಿಹೋದ ಸುದ್ದಿ ಹೇಳುವವರಂತೆ.

ಶೀಷೆಯ ಮೇಲೆ ಬರೆದುಕೊಳ್ಳುತ್ತೇನೆ:
ತಾಯಿ ಅರವತ್ನಾಲ್ಕು, ತಂದೆ ಅರವತ್ತೆರಡು,
ಬರುವ ಹೇಸರಗತ್ತೆಗೆ ಅರವತ್ಮೂರು.
ಒಂದು ವರ್ಣತಂತು ಜೋಡಿಯಿಲ್ಲದೆ,
ಮದುವೆಮನೆ ಬಾಗಿಲಲ್ಲಿ ಉಳಿದ ಒಂಟಿ ಚಪ್ಪಲಿ.

ಐಸ್ ಡಬ್ಬಿ ಕಾಲ ನಡುವೆ ಇಟ್ಟುಕೊಂಡು
ಸ್ಕೂಟರಿನಲ್ಲಿ ತುಂಗೆಯ ಸೇತುವೆ ದಾಟುವಾಗ
ಕೋರ್ಪಲಯ್ಯನ ಛತ್ರದ ಕೆಳಗೆ ಕಲ್ಲು ಕಾಣುತ್ತದೆ.
ಅಜ್ಜಿ ಒಗೆದ ಕಲ್ಲೋ, ಪಕ್ಕದ್ದೋ,
ಹೇಳುವವರು ಯಾರೂ ಉಳಿದಿಲ್ಲ.

ಲ್ಯಾಬಿನಲ್ಲಿ ಪಿಸಿಆರ್ ಯಂತ್ರ
ಕಾಯುತ್ತದೆ, ತಣಿಯುತ್ತದೆ, ಮತ್ತೆ ಕಾಯುತ್ತದೆ.
ಕರೆಂಟು ಮಿಣುಕಿದರೆ ಇಬ್ಬರೂ ಉಸಿರು ಹಿಡಿಯುತ್ತೇವೆ.

ನಮಗೆ ಈ ಎರಡು ಕೆಲಸಕ್ಕೆ ಬೇರೆ ಬೇರೆ ಜೀನು.
ಕುದುರೆಗೆ, ಕತ್ತೆಗೆ ಒಂದೇ.
ತಲೆಯೊಳಗಿನ ಅವರೆಕಾಳಿನಷ್ಟು ಗ್ರಂಥಿ ಅದನ್ನು ಓದಿ
ಅಂಡಕ್ಕೆ "ಹೊರಡು" ಅನ್ನುತ್ತದೆ.
ಗರ್ಭದ ಗೋಡೆಯ ಬಟ್ಟಲುಗಳು ಅದನ್ನೇ ಓದಿ
"ಇರು" ಅನ್ನುತ್ತವೆ.
ಅಕ್ಷರ ಒಂದೂ ಹೆಚ್ಚುಕಮ್ಮಿಯಿಲ್ಲ,
ಮೇಲೆ ಹತ್ತಿದ ಸಕ್ಕರೆಯ ಸರಪಳಿ ಬೇರೆ, ಅಷ್ಟೆ.

ಗಂಜಿ! ಅಂದುಕೊಂಡೆ.
ಅದೇ ಧೋತರ ನೀರಿಂದೆತ್ತಿದಾಗ ಜೋತು ಬೀಳುವುದು,
ಗಂಜಿ ಕುಡಿದು ಒಣಗಿದರೆ ತಾನೇ ನಿಲ್ಲುವುದು.
ತಲೆಯದು ರಕ್ತದಲ್ಲಿ ಬೇಗ ಕರಗುತ್ತದೆ,
ಗರ್ಭದ್ದು ದಿನಗಟ್ಟಲೆ ಗರಿಗರಿ.

ಸೆಮಿನಾರಿನಲ್ಲಿ ಹೀಗೇ ಹೇಳಿಬಿಟ್ಟೆ.
ಗೈಡು ಕೆಮ್ಮಿ "ರೆಫರೆನ್ಸ್?" ಅಂದರು.
ಮಡಿವಾಳರ ಚಿಕ್ಕೀರಮ್ಮ, ಬಾಯಿಮಾತು
ಎನ್ನಲು ನಾಲಿಗೆ ಏಳಲಿಲ್ಲ.

ಅರವತ್ತರ ರಕ್ತ ಗ್ರಾಫಿನಲ್ಲಿ ಕುಸಿದಿದೆ.
ಕತ್ತೆಯ ಪಿಂಡ ಹೊತ್ತ ಕುದುರೆಗೆ ಇದು ಮಾಮೂಲು:
ಹೊರಗಿನದೆಂದು ತಾಯಮೈ ಮುತ್ತಿಗೆ ಹಾಕುತ್ತದೆ,
ಬಟ್ಟಲು ಬೇಗ ಬತ್ತುತ್ತವೆ.
ಆದರೂ ಮರಿ ಸಾಮಾನ್ಯವಾಗಿ ಉಳಿಯುತ್ತದೆ.
ಹೇಗೆಂದು ನನ್ನ ಅಧ್ಯಾಯ ನಾಲ್ಕರಲ್ಲಿ
ಇನ್ನೂ ಖಾಲಿ ಪುಟ.

ಫೋನು ಮಾಡಿದೆ: ಕಮ್ಮಿಯಿದೆ ಸಾಬ್ರೆ, ಭಯ ಬೇಡ.
"ಕಮ್ಮಿ ಅಂದ್ರೆ ಏನು ಮೇಡಮ್?"
ಗಂಜಿ ತೆಳುವಾಗಿದೆ, ಅಂದೆ.
ಅತ್ತಲಿಂದ ಬಹಳ ಹೊತ್ತು ಸದ್ದಿಲ್ಲ,
ಗೊರಸು ನೆಲಕ್ಕೆ ಬಡಿದದ್ದು ಮಾತ್ರ ಕೇಳಿಸಿತು.
"ಹುರುಳಿ ಬೇಯಿಸಿ ಹಾಕ್ಲಾ?
ದಿನಾ ಒಂದು ಬಕೀಟು?"

ಹಾಕಿ, ಅಂದೆ.