ಎಣಿಕೆ

ಕುಶಾಲನಗರದ ಕಾಫಿ ಕ್ಯೂರಿಂಗಿನಲ್ಲಿ
ಹತ್ತೊಂಬತ್ತು ವರ್ಷ ಬೀಜ ಆರಿಸಿದವಳು ನಾನು.
ಬೆಲ್ಟು ಹರಿಯುತ್ತದೆ, ಕಣ್ಣು ಎಡಕ್ಕೆ, ಬಲಕ್ಕೆ,
ಕರಿಬೀಜ, ಒಡಕು, ಹುಳ ತಿಂದದ್ದು
ಬೆರಳು ತಾನೇ ಎತ್ತಿ ಬಿಸಾಕುತ್ತದೆ.
ಅಷ್ಟೂ ವರ್ಷ ಕಿವಿಯ ಹಿಂದೆ ಒಬ್ಬ ಎಣಿಸುತ್ತಿದ್ದ.
ಒಂದು. ಎರಡು. ಮೂರು. ನಡುವೆ ಒಂದು ಬೈಗುಳ.

ಪಕ್ಕದ ರುಕಿಯಾಳನ್ನು ಕೇಳಿದೆ, ನಿನಗೂ ಕೇಳುತ್ತಾ?
ಮರುದಿನ ಅವಳು ಜಾಗ ಬದಲಿಸಿ ಕೂತಳು.

ಗುಳಿಗೆ ಕೊಟ್ಟ ಡಾಕ್ಟರು ಒಳ್ಳೆಯವರೇ.
ಹಳೆಯದನ್ನು ಕೆದಕಬೇಡಿ ಅಂದರು, ಅಣ್ಣನಿಗೆ, ನನಗಲ್ಲ.
ನಾನು ಅಲ್ಲೇ ಇದ್ದೆ, ಸ್ಟೂಲಿನ ಮೇಲೆ.
ಗುಳಿಗೆ ನುಂಗಿದೆ. ಅವನಿಗೆ ನೆಗಡಿ ಹಿಡಿಯಿತು,
ದನಿ ಕಟ್ಟಿತು. ಎಣಿಕೆ ನಿಲ್ಲಲಿಲ್ಲ.

ಈಗ ಪ್ರತಿ ಗುರುವಾರ ಮಡಿಕೇರಿ.
ರಮ್ಲಾ ಮೇಡಂ ಕೇಳಿದ ಮೊದಲ ಮಾತು:
ಅವನು ಎಣಿಸುವುದು ಏನನ್ನು?

ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ನಾನೂ.

ಆರು ಗುರುವಾರ ಬರೀ ನೆಲ ಮುಟ್ಟುವುದು ಕಲಿತೆ.
ಅಂಗಾಲು, ಚಪ್ಪಲಿ, ಸಿಮೆಂಟು, ಕಿಟಕಿಯಾಚೆ
ಮಂಜಿನಲ್ಲಿ ಹಾರ್ನು ಹೊಡೆಯುವ ಆಟೋ.
ನಿಲ್ಲಿಸಿ ಅಂದರೆ ನಿಲ್ಲಿಸುತ್ತೇನೆ, ಅಂದರು.
ಪರೀಕ್ಷೆ ಮಾಡಲೆಂದೇ ನಾಲ್ಕು ಸಲ ಅಂದೆ.
ನಾಲ್ಕು ಸಲವೂ ನಿಲ್ಲಿಸಿದರು.

ಏಳನೆಯ ಗುರುವಾರ ಬೆರಳೆತ್ತಿದರು. ಎಡಕ್ಕೆ, ಬಲಕ್ಕೆ.
ಈ ಕೆಲಸ ನನ್ನ ಕಣ್ಣಿಗೆ ಗೊತ್ತು ಮೇಡಂ, ಅಂದೆ.
ಬೆಲ್ಟು ಹರಿಯಿತು:
ತೋಟದ ತೂಕದ ಕೋಣೆ. ಗೋಣಿಯ ವಾಸನೆ.
ಅವ್ವ ಆಚೆ ಸಾಲಿನಲ್ಲಿ ಹಣ್ಣು ಕುಯ್ಯುತ್ತಿದ್ದಾಳೆ.
ಒಳಗಿಂದ ಚಿಲಕ ಹಾಕಿದ ರೈಟರು. ನಾನು ಒಂಬತ್ತರವಳು.
ನೂರು ಎಣಿಸುತ್ತೇನೆ, ಅಷ್ಟರಲ್ಲಿ ಬಾಗಿಲು ತೆಗೆಯುತ್ತೇನೆ,
ಸದ್ದು ಮಾಡಿದರೆ ಮತ್ತೆ ಒಂದರಿಂದ.

ಮತ್ತೆ ಒಂದರಿಂದ.
ಮತ್ತೆ ಒಂದರಿಂದ.

ಮೇಡಂ ಬೆರಳು ನಿಂತಿತ್ತು. ನಿಲ್ಲಿಸಿ ಅಂದಿದ್ದೆನಂತೆ ನಾನು.
ನೀರು ಕುಡಿದೆ. ಗೋಡೆಯ ಗಡಿಯಾರ ಐದು ನಿಮಿಷ ಹಿಂದಿತ್ತು,
ಹೇಳಿದೆ. ಹೌದಲ್ಲಾ ಅಂತ
ಅವರು ಕುರ್ಚಿ ಹತ್ತಿ ಮುಳ್ಳು ಸರಿಮಾಡಿದರು.

ವಾಸಿಯಾಯಿತಾ ಅಂತ ಅಣ್ಣ ಕೇಳುತ್ತಾನೆ.
ಏನು ಹೇಳಲಿ? ಅವನಿದ್ದಾನೆ.
ರಾತ್ರಿ ಈಗಲೂ ದೀಪ ಹಚ್ಚಿಯೇ ಮಲಗುತ್ತೇನೆ.
ಆದರೆ ನಿನ್ನೆ ವಾಪಸು ಬರುವ ಬಸ್ಸಿನಲ್ಲಿ,
ಸುಂಟಿಕೊಪ್ಪ ದಾಟಿ ಆನೆಕಾಡಿನ ತಿರುವಿನಲ್ಲಿ
ಹದಿನಾರು, ಹದಿನೇಳು ಅಂದವನು ತಡವರಿಸಿದ.
ಮುಂದಿನದು ಮರೆತುಹೋಗಿತ್ತು ಅವನಿಗೆ.

ನನಗೆ ಗೊತ್ತಿತ್ತು.
ಹೇಳಿಕೊಡಲಿಲ್ಲ.