ಎರಡು ಕುರ್ಚಿ

ಒಂಬತ್ತು ಮತ.
ಕೂದಲೆಳೆಯ ಗೆಲುವು ಅಂದರು ಸುದ್ದಿ ಓದಿದವರು.
ಮೂವತ್ತು ವರ್ಷ ನೆಲದಿಂದ ಕೂದಲು ಗುಡಿಸಿದವಳು ನಾನು,
ಅದರ ತೂಕ ನನಗೆ ಗೊತ್ತು.

ಮೇ ತಿಂಗಳ ಎರಡನೇ ಸೋಮವಾರ
ಹಾರ್ಕ್‌ಬೆಕ್ ಪಟ್ಟಣದ ಮಿಲ್‌ಗೇಟ್ ವಾರ್ಡಿನ ಹೊಸ ಕೌನ್ಸಿಲರ್
ಗ್ವೆಂಡ ಬ್ರಿಯರ್ಲಿ
ಒಂಬತ್ತಕ್ಕೆ ಸಲೂನಿನ ಷಟರ್ ಎತ್ತಿದಳು.
ಅರ್ಧಕ್ಕೆ ಸಿಕ್ಕಿಕೊಂಡಿತು, ಎಂದಿನ ಹಾಗೆ.
ಬಗ್ಗಿ ಒಳಗೆ ಹೋದೆ.

ಮೊದಲು ಎಲ್ಲರೂ ಕನ್ನಡಿಯ ಜೊತೆ ಮಾತಾಡುತ್ತಿದ್ದರು.
ಮಂಡಿನೋವು, ತಂಗಿಯ ಎರಡನೇ ಗಂಡ, ಮದ್ದಿಗೆ ಬಗ್ಗದ ಬೆಕ್ಕು.
ಹಿಂದೆ ನಿಂತು ಹೂಂ ಅಂದರೆ ಸಾಕಿತ್ತು.
ಈಗ ಕತ್ತು ತಿರುಗಿಸಿ ನನ್ನ ಮುಖಕ್ಕೇ ಹೇಳುತ್ತಾರೆ.
ಅಲ್ಲಾಡಬೇಡಿ, ಕಿವಿ ಹೋದೀತು ಅಂದರೆ
‘ನಿನ್ನ ಕಿವಿಗೆ ಬೀಳಲಿ ಅಂತಲೇ ಅಲ್ಲವೇ ಓಟು ಹಾಕಿದ್ದು’
ಅನ್ನುತ್ತಾಳೆ ಮಿಸೆಸ್ ಪಿಲ್ಲಿಂಗ್, ತಲೆತುಂಬ ಬಣ್ಣದ ನೊರೆ.

ಗಾರ್ಸೈಡ್ ಬೀದಿಯ ಹದಿನಾಲ್ಕನೇ ದೀಪದ ಕಂಬ
ಇವಳ ದಿಂಬಿನ ಮೇಲೇ ಬೆಳಕು ಸುರಿಯುತ್ತದೆ, ಆರಿಸು.
ಎದುರುಮನೆಯ ತಸ್ಲೀಮಾ, ಆಸ್ಪತ್ರೆಯ ಪಾಳಿ ಮುಗಿಸಿ,
ಅದೇ ಬೆಳಕಲ್ಲಿ ಬೀಗದ ಕಂಡಿ ಹುಡುಕುತ್ತಾಳೆ, ಆರಿಸಬೇಡ.
ಇಬ್ಬರೂ ನನಗೇ ಹಾಕಿದರಂತೆ.
ಹಾಗೆ ಹೇಳಿದವರನ್ನೆಲ್ಲ ಎಣಿಸಿದೆ ಒಂದು ರಾತ್ರಿ:
ಬಿದ್ದ ಮತಕ್ಕಿಂತ ಇನ್ನೂರು ಜಾಸ್ತಿ.

ಹಾಲು ತರಲು ಹೋದರೆ ಮುಕ್ಕಾಲು ಗಂಟೆ.
ನನ್ನ ಗಂಡ ಕ್ಲಿಫ್ ಹಾಲಿಲ್ಲದ ಚಹಾ ಅಭ್ಯಾಸ ಮಾಡಿಕೊಂಡಿದ್ದಾನೆ.

ಬುಧವಾರ ಸಂಜೆ ಇನ್ನೊಂದು ಕುರ್ಚಿ.
ಓಕ್ ಮರದ್ದು, ಬೆನ್ನಿಗೆ ಕೆತ್ತಿದ ಟಗರು ಚುಚ್ಚುತ್ತದೆ.
ಏರಿಸಲು ಪೆಡಲಿಲ್ಲ. ತಿರುಗುವುದಿಲ್ಲ.
ಕಾಲು ನೆಲಕ್ಕೆ ಎಟುಕದೆ ತೂಗುಹಾಕಿಕೊಂಡು ಕೂತೆ.
ಒಂದು ಅಲ್ಪವಿರಾಮಕ್ಕೆ ನಲವತ್ತು ನಿಮಿಷ.
ಸೀಳಿದ ಕೂದಲು ಕಂಡರೆ ನಾವು ಕತ್ತರಿಸುತ್ತೇವೆ,
ಇವರು ಮತ್ತೂ ಸೀಳುತ್ತಾರೆ.
ಕೈ ಎತ್ತಿ ಅಂದಾಗ ಎತ್ತಿದೆ.
ಯಾವುದಕ್ಕೆ ಅಂತ ವಾಪಸ್ ಬರುವಾಗ ಬಸ್ಸಿನಲ್ಲಿ ಓದಿಕೊಂಡೆ.

ರಾಜಕಾರಣಿಯದ್ದೂ ನನ್ನದೂ ಒಂದೇ ಕಸುಬು, ತಲೆ ಬೋಳಿಸುವುದು
ಅಂತ ನಗಿಸುತ್ತಿದ್ದವಳು ನಾನೇ.
ಈಗ ಆ ಮಾತು ಬಂದರೆ
ನಾನು ನಗುತ್ತೇನೋ ಅಂತ ಮೊದಲು ನೋಡುತ್ತಾರೆ.

ಶುಕ್ರವಾರ, ಮುಚ್ಚುವ ಹೊತ್ತಿಗೆ, ಸೆಲ್ವಿನ್ ಟಟರ್ಸಾಲ್.
ಇಪ್ಪತ್ತೆರಡು ವರ್ಷದ ಕೌನ್ಸಿಲರ್, ಒಂಬತ್ತು ಮತದ ಮಾಜಿ.
ಟೋಪಿ ಮೊಳೆಗೆ ಸಿಕ್ಕಿಸಿ, ಕೇಳದೆ ಕೂತ.
‘ಎಂದಿನ ಹಾಗೆ’ ಅಂದ.

ಕತ್ತಿನ ಹಿಂಬದಿ ಯಾರೂ ತಮ್ಮದು ತಾವು ಕಾಣದ ಜಾಗ.
ಎರಡು ಮಡಿಕೆ, ಒಂದು ನರುಳೆ,
ಕಾಲರಿನ ಮೇಲೆ ಬಿಸಿಲಿಗೆ ಸುಟ್ಟ ಕೆಂಪು ಪಟ್ಟಿ.
ಏಪ್ರಿಲ್ ಪೂರ್ತಿ ಬಾಗಿಲು ಬಡಿದದ್ದು.
ನನಗೂ ಇದೆ. ಅದೇ ಬಾಗಿಲು, ಅದೇ ಬಿಸಿಲು.
ಕತ್ತಿ ಇಟ್ಟಾಗ ಉಸಿರು ಬಿಗಿಹಿಡಿದದ್ದು
ಅವನೋ ನಾನೋ.

ಕನ್ನಡಿಗೇ ಹೇಳಿದ, ಹಳೆಯ ಗಿರಾಕಿಗಳ ಹಾಗೆ:
‘ಗಾರ್ಸೈಡ್ ಚರಂಡಿ. ಚೆರ್ರಿ ಹೂವು ಉದುರಿ ಕಟ್ಟಿಕೊಳ್ಳುತ್ತೆ.
ಅರ್ಜಿ ಹಾಕಿದರೆ ಆರು ವಾರ.
ಜಾಲರಿಯನ್ನ ಎಡಗಡೆಯಿಂದ ಎತ್ತಬೇಕು.
ಬಲದಿಂದ ಬರೋದಿಲ್ಲ.’

ಹದಿನಾಲ್ಕನೇ ಕಂಬ? ನಾನು ಕೇಳಿದೆ.
ಹೊದಿಸಿದ ಬಟ್ಟೆಯೊಳಗೆ ಹೆಗಲು ಕುಣಿದವು.
‘ಆ ಒಂಬತ್ತರಲ್ಲಿ ಎರಡು ಅದರದ್ದೇ.’

ಹನ್ನೊಂದು ಪೌಂಡು, ಮೇಲೊಂದು.
ಬೇಡ ಅಂದೆ. ‘ಉಡುಗೊರೆ ಪುಸ್ತಕದಲ್ಲಿ ಬರೆದುಕೊಳ್ಳಿ’ ಅಂತ
ಟೋಪಿ ಎತ್ತಿಕೊಂಡು ಹೋದ.

ಗುಡಿಸಿದೆ. ಅವನ ಬಿಳಿ, ಮಿಸೆಸ್ ಪಿಲ್ಲಿಂಗಳ ತಾಮ್ರ,
ಯಾವನೋ ಹುಡುಗನ ನೀಲಿ.

ರಾತ್ರಿ ಹತ್ತಾದ ಮೇಲೆ ಬಕೆಟ್ಟು ಹಿಡಿದು ಹೊರಟೆ.
ಎಡಗಡೆಯಿಂದ. ಬಂತು.
ಕೊಳೆತ ಹೂವು ಮೊಣಕೈವರೆಗೆ, ತಣ್ಣಗೆ.
ಹದಿನಾಲ್ಕನೇ ಕಂಬದ ಬೆಳಕು, ನಿಜ ಹೇಳಬೇಕೆಂದರೆ,
ಕೆಲಸಕ್ಕೆ ಬಹಳ ಚೆನ್ನಾಗಿತ್ತು.

ಮೇಲಿನ ಕಿಟಕಿಯಲ್ಲಿ ಪರದೆ
ಸರಕ್ಕನೆ ಎಳೆದುಕೊಂಡಿತು.